ಸಂತೆಗೆ ಬಂದ ಬಂಗಲೆ ನಾಯಿಗಳು

ಚೀನಾ ಯುದ್ಧಕ್ಕೆ ಹಿಂದಿನ ವರ್ಷದ ಮಾತು. ಜಾಲಹಳ್ಳಿ ದಾರಿಯ ಸರ್ಕಾರಿ ಬಂಗಲೆಗಳಲ್ಲಿ ಅಡುಗೆ ಮಾಡುತ್ತಿದ್ದ ಮುನಿಕೃಷ್ಣಮ್ಮನಿಗೆ ಟ್ರಾನ್ಸ್‌ಫರ್ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಸಾಹೇಬರು ಹೋಗುತ್ತಾರಲ್ಲ ಎಂದಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಬಂದೇ ಬರುತ್ತಿದ್ದರು. ಆದರೆ ಮಂಚ, ಕುರ್ಚಿ, ಗುಲಾಬಿ ಕುಂಡಗಳನ್ನೆಲ್ಲ ಲಾರಿಗೆ ಹೇರಿಸುವ ಅವರು ಸಾಕಿದ ನಾಯಿಯನ್ನು ಮಾತ್ರ ಬಿಟ್ಟು ಹೋಗುತ್ತಿದ್ದರು. ಖಾಲಿ ಮನೆಯ ಮುಂದೆ ಅದು ಬಾಲ ಆಡಿಸುತ್ತ ನಿಂತಿರುವುದನ್ನು ನೋಡಿ ಸುಮ್ಮನೆ ದಾಟಿ ಹೋಗಲು ಅವಳಿಂದ ಆಗುತ್ತಿರಲಿಲ್ಲ.

ಹೀಗೆ ಒಂದೊಂದನ್ನೇ ಕರೆತಂದು ಗೊರಗುಂಟೆಪಾಳ್ಯದ ಅವಳ ಹೆಂಚಿನ ಮನೆಯಲ್ಲಿ ಮೂರು ನಾಯಿಗಳಾದವು. ಗಂಡ ಲಕ್ಕಣ್ಣ ಕೆಟ್ಟವನಲ್ಲ. ಆದರೂ ಒಂದು ದಿನ ಊಟಕ್ಕೆ ಕೂತವನು, "ಇನ್ನೊಂದು ಬಂದ್ರೆ ನಾನು ಒರಗೆ ಮಲಗ್ಬೇಕಾಯ್ತದೆ ಕಣೆ. ಯಾರಿಗಾರ ಕೊಡು," ಎಂದ.

ಕೊಡುವುದು ಯಾರಿಗೆ? ಊರಿನವರನ್ನು ಕೇಳಿದರೆ, "ಬಂಗಲೆ ನಾಯಿ ಕಣಕ್ಕ, ಬ್ರೆಡ್ಡು, ಹಾಲು ಕೇಳ್ತದೆ, ನಮ್ಮನೇಲಿ ಎಲ್ಲಿಂದ ತರಾನ?" ಎಂದು ನಗುತ್ತಿದ್ದರು. ನಿಜವಾಗಿ ನಾಯಿ ಬೇಕಿದ್ದ ತೋಟದವರಿಗೆ, ಗಿರಣಿಯವರಿಗೆ ಅವಳ ಮನೆ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಅವರೆಲ್ಲ ಸೇರುವ ಜಾಗ ಯಾವುದು ಎಂದು ಯೋಚಿಸಿದಾಗ ಹೊಳೆದದ್ದು ಸಂತೆ. ಮುಂದಿನ ಭಾನುವಾರ ಮೂರಕ್ಕೂ ಹಗ್ಗ ಕಟ್ಟಿ ಯಶವಂತಪುರಕ್ಕೆ ನಡೆದಳು.

ಹುಣಸೆಮರದ ಕೆಳಗೆ ಬಳೆ ಹರಡಿಕೊಂಡಿದ್ದ ಗೌಹರ್ ತನ್ನ ಚಾಪೆ ಅತ್ತ ಸರಿಸಿ ನೆರಳು ಬಿಟ್ಟುಕೊಟ್ಟಳು. ಅಷ್ಟರಲ್ಲಿ ಸುಂಕ ವಸೂಲಿಯ ನರಸಯ್ಯ ಬಂದು ನಿಂತ.

"ಏನಮ್ಮಾ, ಎಂಗೆ ಮಾರ್ತೀಯಾ ಇವನ್ನ?"

"ಮಾರಾಕಲ್ಲ ಸ್ವಾಮಿ. ಸುಮ್ನೆ ಕೊಡ್ತೀನಿ."

"ಮಾರಾಕಲ್ಲ ಅಂದ್ಮೇಲೆ ಸಂತೆಗ್ಯಾಕೆ ತಂದೆ?"

"ಜನ ಇಲ್ಲೇ ಅಲ್ವರಾ ಬರೋದು?"

ಮಾರದ ವಸ್ತುವಿಗೆ ಸುಂಕ ಕೇಳುವುದು ಹೇಗೆಂದು ತಿಳಿಯದೆ ಅವನು ತಲೆ ಕೆರೆದುಕೊಂಡು ಕುರಿ ಸಾಲಿನ ಕಡೆ ಹೋದ.

ಅವತ್ತು ಒಂದೂ ಹೋಗಲಿಲ್ಲ. ಬಂದವರೆಲ್ಲ ಬೆಲೆ ಕೇಳುತ್ತಿದ್ದರು. ಸುಮ್ಮನೆ ಕೊಡುತ್ತೇನೆ ಎಂದರೆ, "ಪುಕ್ಸಟ್ಟೆ ಅಂದ್ರೆ ಏನೋ ಐಬಿರ್ಬೇಕು," ಎಂದು ಹಿಂದೆ ಸರಿಯುತ್ತಿದ್ದರು. ಸಂಜೆ ಗೌಹರ್ ಬಳೆ ಕಟ್ಟುತ್ತ ಹೇಳಿದಳು: "ನೋಡಮ್ಮಾ, ಕೈಗೆ ಹಾಕಿ ನೋಡ್ದೆ ಯಾರೂ ಬಳೆ ತಗೊಳ್ಳಲ್ಲ. ನೀನು ನಾಯೀನ ಬೆನ್ನ ಹಿಂದೆ ಕಟ್ಕೊಂಡು ಕೂತ್ರೆ ಹೆಂಗೆ? ಮುಂದೆ ಬಿಡು. ಜನ ಮುಟ್ಲಿ."

ಮುನಿಕೃಷ್ಣಮ್ಮ ಮರುವಾರ ಮುದ್ದೆ ಕಟ್ಟಿಕೊಂಡು ಬಂದಳು. ಎಲ್ಲರ ಕಣ್ಣೆದುರೇ ಮುರಿದು ಹಾಕಿದಳು. ಬಂಗಲೆ ನಾಯಿಗಳು ಎಲೆ ನೆಕ್ಕಿ ಮುಗಿಸಿದ್ದನ್ನು ಕಂಡು ಸಂತೆಯ ಜನ ಸುತ್ತ ಕೂಡಿದರು. ಮಧ್ಯಾಹ್ನದೊಳಗೆ ಒಂದು ಹಿಟ್ಟಿನ ಗಿರಣಿಗೆ ಹೋಯಿತು, ಇನ್ನೊಂದನ್ನು ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯವರು ಕರೆದುಕೊಂಡು ಹೋದರು. ಉಳಿದದ್ದು ರೂಬಿ. ಕಂದು ಬಣ್ಣದ ಗಟ್ಟಿ ಹೆಣ್ಣುನಾಯಿ. ಯಾರು ಮುಟ್ಟಿದರೂ ಸುಮ್ಮನಿದ್ದು, ರಸ್ತೆಯ ಕಡೆಗೇ ನೋಡುತ್ತಿತ್ತು. ಹೆಬ್ಬಾಳದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಪಿಳ್ಳಣ್ಣ ಅದನ್ನು ಕೇಳಿದ. ತೋಟಕ್ಕೆ ನರಿಗಳ ಕಾಟ ಎಂದ. ಹಗ್ಗ ಅವನ ಕೈಗಿಟ್ಟು ಮುನಿಕೃಷ್ಣಮ್ಮ ಹಗುರಾಗಿ ಮನೆಗೆ ಬಂದಳು.

ಬುಧವಾರ ಕೆಲಸಕ್ಕೆ ಹೋದಾಗ, ಹಳೆಯ ಸಾಹೇಬರು ಖಾಲಿ ಮಾಡಿ ಹೋಗಿದ್ದ, ಬೀಗ ಹಾಕಿದ ತನ್ನ ಬಂಗಲೆಯ ಜಗಲಿಯ ಮೇಲೆ ರೂಬಿ ಮಲಗಿತ್ತು. ಅಂಗಾಲು ಸುಲಿದು ರಕ್ತ ಒಣಗಿತ್ತು. ಹೆಬ್ಬಾಳದಿಂದ ಅಷ್ಟು ದೂರ ಕೆರೆ, ಹೊಲ ದಾಟಿ ಹೇಗೆ ದಾರಿ ಹಿಡಿಯಿತೋ! ನೀರಿಟ್ಟರೆ ಕುಡಿಯಿತು, ಕರೆದರೆ ಏಳಲಿಲ್ಲ. ಮುನಿಕೃಷ್ಣಮ್ಮ ಒದ್ದೆ ಬಟ್ಟೆಯಿಂದ ಅದರ ಕಾಲು ಒರೆಸುತ್ತ ಕೂತಳು. ಬೇಕೆಂದವರನ್ನು ಹುಡುಕಿದ್ದೇ ದೊಡ್ಡ ಕೆಲಸವೆಂದು ಹಿಗ್ಗಿದ್ದಳು. ಹೋಗುವ ಜೀವಕ್ಕೂ ಒಂದು ಮನಸ್ಸಿದೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಸಂಜೆ ಪಿಳ್ಳಣ್ಣ ಸಂತೆಯಲ್ಲಿ ಅವಳು ಹೇಳಿದ್ದ ಬಂಗಲೆಯ ಗುರುತು ಹಿಡಿದು, ಸೈಕಲ್ ತುಳಿದುಕೊಂಡು ಹುಡುಕುತ್ತ ಬಂದ. ಅವನು ಬೈಯುವ ಮೊದಲೇ ಅವಳು, "ತಪ್ಪಾಯ್ತು ಕಣಣ್ಣ. ನಾನೇ ಇಟ್ಕೊತೀನಿ, ನೀವ್ ಬೇರೆ ನೋಡ್ಕಳಿ," ಎಂದಳು.

ಅವನು ಮೆಟ್ಟಿಲ ಮೇಲೆ ಕೂತು ಬೆವರೊರೆಸಿಕೊಂಡ. ಬಾಗಿಲಿಗೇ ಮೂತಿ ಇಟ್ಟು ಮಲಗಿದ್ದ ನಾಯಿಯನ್ನು ನೋಡಿದ.

"ನನ್ ಬಿಟ್ಟು ಓಡ್ಬಂದಿದ್ದಲ್ಲ ಕಣಮ್ಮ ಇದು. ಒಳ್ಗೆ ಸಾಹೇಬ್ರು ಇನ್ನೂ ಅವ್ರೆ ಅನ್ಕಂಡದೆ. ಬೀಗದ ಕೈ ಯಾರ್ತಾವ ಅದೆ?"

ಹೊಸಬರು ಬರುವ ಮುಂಚೆ ಗುಡಿಸಿಡಲೆಂದು ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಬಾಗಿಲು ತೆಗೆದಳು. ರೂಬಿ ದಡಕ್ಕನೆ ಎದ್ದು ಕುಂಟುತ್ತ ಒಳಗೆ ಹೋಯಿತು. ಬರಿಯ ನೆಲದ ಮೇಲೆ ಅದರ ಉಗುರಿನ ಸದ್ದು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದುದು ಇಬ್ಬರಿಗೂ ಕೇಳಿಸಿತು. ಮಂಚವಿದ್ದ ಜಾಗ ಮೂಸಿತು, ಅಡುಗೆಮನೆ ಮೂಸಿತು, ಹಿತ್ತಲ ಬಾಗಿಲ ತನಕ ಹೋಗಿ ನಿಂತಿತು. ಮತ್ತೆ ಒಂದು ಸುತ್ತು ಬಂತು. ಆಮೇಲೆ ನಿಧಾನವಾಗಿ ಹೊರಗೆ ಬಂದು, ಬಂಗಲೆಗೆ ಬೆನ್ನು ಮಾಡಿ, ಅವರಿಬ್ಬರ ನಡುವೆ ಮಲಗಿತು.

ಅವತ್ತು ಅವನು ಅದನ್ನು ಎಳೆದೊಯ್ಯಲಿಲ್ಲ. ಮುನಿಕೃಷ್ಣಮ್ಮನ ಮನೆಯಲ್ಲೇ ಇರಲಿ ಎಂದು ಬಿಟ್ಟು, ದಿನಾ ಸಂಜೆ ಬಂದು ಅದರ ಜೊತೆಯಲ್ಲಿ ಕೂತು ಹೋಗುತ್ತಿದ್ದ. ಲಕ್ಕಣ್ಣ ಅವನಿಗೆ ಎಲೆಅಡಿಕೆ ಕೊಟ್ಟು ಮಳೆ ಬೆಳೆ ಮಾತಾಡುತ್ತಿದ್ದ. ಕಾಲು ಮಾಯ್ದ ಮೇಲೆ ಒಂದು ಸಂಜೆ ಪಿಳ್ಳಣ್ಣ ಸೈಕಲ್ ಹತ್ತದೆ ತಳ್ಳಿಕೊಂಡು ಹೊರಟ. ರೂಬಿ ಎದ್ದು ಮೈ ಕೊಡವಿ ಹಿಂದೆಯೇ ಹೋಯಿತು. ಹಗ್ಗ ಬೇಕಾಗಲಿಲ್ಲ.

ಆಮೇಲೂ ಸಾಹೇಬರು ಬಿಟ್ಟುಹೋದ ನಾಯಿಗಳನ್ನು ಕರೆತಂದು ಮುನಿಕೃಷ್ಣಮ್ಮ ಸಂತೆಯಲ್ಲಿ ಗೌಹರಳ ಪಕ್ಕದಲ್ಲಿ ಕೂರುತ್ತಿದ್ದಳು. ಆದರೆ ಕೇಳಿದ ತಕ್ಷಣ ಹಗ್ಗ ಕೊಡುತ್ತಿರಲಿಲ್ಲ. "ಮುಂದಿನ್ ವಾರವೂ ಬನ್ನಿ. ಅದು ನಿಮ್ಮನ್ನ ನೋಡ್ಲಿ," ಎನ್ನುತ್ತಿದ್ದಳು. ಕೆಲವರು ಗೊಣಗಿಕೊಂಡು ಹೋಗುತ್ತಿದ್ದರು. ಬರುವವರು ಬರುತ್ತಿದ್ದರು.

ದ್ರಾಕ್ಷಿ ಕಪ್ಪಾಗುವ ಕಾಲಕ್ಕೆ ಪಿಳ್ಳಣ್ಣ ತೋಟಕ್ಕೆ ಕರೆದಿದ್ದ. ಮುನಿಕೃಷ್ಣಮ್ಮ ಹೊಸ ಸೀರೆ ಉಟ್ಟು ಹೋದಳು. ಬೇಲಿಯ ಗೇಟಿಗೆ ಕೈ ಇಟ್ಟಳೋ ಇಲ್ಲವೋ, ರೂಬಿ ಚಪ್ಪರದ ಕೆಳಗಿಂದ ನುಗ್ಗಿ ಬಂದು ಜೋರಾಗಿ ಬೊಗಳಿತು. ಮುನಿಕೃಷ್ಣಮ್ಮನಿಗೆ ಒಂದು ಗಳಿಗೆ ಪಿಚ್ಚೆನ್ನಿಸಿತು. ಮರುಗಳಿಗೆಯೇ ನಗು ಬಂತು. ಗೇಟಿನಿಂದ ಕೈ ತೆಗೆದು, ಬಂದವಳು ಯಾರೆಂದು ರೂಬಿ ಸಾವಕಾಶವಾಗಿ ಮೂಸಿ ನೋಡಲಿ ಎಂದು ಹೊರಗೇ ನಿಂತಳು.