ಎರಡು ಕಣ್ಣಿದ್ರೆ ಸಾಕು

"ಏ ಬೋಳಿ, ಗಂಡನ್ನ ಎಲ್ಲಿ ಬಚ್ಚಿಟ್ಟಿದ್ದೀಯೆ? ಕೊಡೆ ಅವನಿಗೆ ಫೋನು!"

ಇಸ್ತ್ರಿಯವಳು ಗಂಡನ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದಳು. ಸಾಲ ವಸೂಲಿಯವನು ಬೋಳಿ ಎಂದ ಬಾಯಲ್ಲೇ ಗಂಡನನ್ನು ಕೇಳುತ್ತಾನಲ್ಲ ಎಂದು ಅವಳಿಗೆ ನಗು ಬಂದುಬಿಟ್ಟಿತು.

"ಅವ್ರು ಹೋಗಿ ಮೂರು ತಿಂಗಳಾಯ್ತಪ್ಪ. ಲಿಫ್ಟ್ ರಿಪೇರಿ ಮಾಡ್ತಾ ಬಿದ್ರು. ನಿನಗೇ ನಾಲ್ಕು ಸಲ ಹೇಳಿದ್ದೀನಿ."

"ಬೊಗಳ್ಬೇಡ. ಸತ್ತೋನು ನಿನ್ನೆ ಹಳೇ ಸಾಲ ತೀರಿಸೋಕೆ ಹೊಸ ಸಾಲ ಎತ್ತಿದ್ದಾನೆ. ತಗೋ, ನೋಡು."

ಆರು ಸೆಕೆಂಡಿನ ವಿಡಿಯೊ ಬಂತು. ಸಾಲದ ಆಪ್ 'ಕಣ್ಣು ಮಿಟುಕಿಸಿ' ಎಂದು ಕೇಳಿದ್ದಕ್ಕೆ ಗಂಡ ಫೋನಿಗೇ ಕಣ್ಣು ಹೊಡೆದಿದ್ದ. ಹಿಂದಿನಿಂದ ಕೇಳುತ್ತಿದ್ದದ್ದು ಅವಳದೇ ನಗು. ಮಗಳ ಫೀಸಿಗೆಂದು ಹೋದ ವರ್ಷ ಸಾಲ ಮಾಡುವಾಗ ತೆಗೆದದ್ದು. ಕೆಳಗಿನ ತಾರೀಖು ಮಾತ್ರ ನಿನ್ನೆಯದು.

"ಸೋಮವಾರದೊಳಗೆ ಕಟ್ಟು. ಇಲ್ಲಾಂದ್ರೆ ಈ ಮೂತಿ ಮೇಲೆ 'ಕಳ್ಳ' ಅಂತ ಬರ್ದು ಅವನ ಫೋನಲ್ಲಿರೋರಿಗೆಲ್ಲ ಕಳಿಸ್ತೀನಿ. ಮಗಳ ಟೀಚರಿಗೂ. ಆಗಲ್ವಾ? ಆಪಲ್ಲಿ ಜಾಮೀನಿಗೆ ಬೇರೆ ಮುಖ ಹಾಕು. ಯಾರದಾದ್ರೂ ಸರಿ, ಎರಡು ಕಣ್ಣಿದ್ರೆ ಸಾಕು."

ಕಾಲರು ಸುಟ್ಟ ವಾಸನೆ ಬಂತು.

ಸಾಲದ ಕಂಪನಿಗಳ ಮೇಲಿನ ದೂರು ಕೇಳುವ ಸರ್ಕಾರಿ ಕಚೇರಿಯಲ್ಲಿ ಮೂರು ಗಂಟೆ ಕಾದ ಮೇಲೆ ಸಾಹೇಬರು ಮರಣಪತ್ರವನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದರು.

"ಈ ಕಂಪನಿ ನಮ್ಮ ಪಟ್ಟಿಲಿಲ್ಲ ಕಣಮ್ಮ."

"ಅದಕ್ಕೇ ಹಿಡೀರಿ ಸ್ವಾಮಿ."

"ಪಟ್ಟಿಲಿರೋರಿಗಾದ್ರೆ ನೋಟಿಸ್ ಕೊಡಬಹುದು. ಪಟ್ಟಿಲಿ ಇಲ್ದೋರು ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಅದೂ ಅಲ್ದೆ, ಸಾಲ ತಗೊಂಡೋರೇ ಬಂದು ದೂರು ಕೊಡಬೇಕು."

"ಅವ್ರು ಸತ್ತಿದ್ದಾರೆ!"

"ಹಾಗಿದ್ರೆ ನಿನ್ನೆ ಸಾಲ ತಗೊಂಡಿದ್ದು ದೆವ್ವವಾ?" ಸಾಹೇಬರ ಮಾತಿಗೆ ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. "ತಗೊಳ್ಳೋವಾಗ ಜೇನು, ಕೊಡೋವಾಗ ಬೇವು ನಿಮಗೆಲ್ಲ. ಹೋಗು, ಹೋಗು."

ಅವಳು ಹೋಗಲಿಲ್ಲ. ಮೇಜಿನ ಮೇಲಿನ ಫಲಕದಲ್ಲಿ ಸಾಹೇಬರ ಹೆಸರಿನ ಕೆಳಗೆ ಮೊಬೈಲ್ ನಂಬರಿತ್ತು. ಆಪು ತೆರೆದು ಜಾಮೀನುದಾರರ ಜಾಗದಲ್ಲಿ ಒಂದೊಂದೇ ಅಂಕಿ ಒತ್ತಿದಳು. ಆಮೇಲೆ ಫೋನನ್ನು ಅವರ ಮುಖಕ್ಕೆ ಹಿಡಿದಳು.

"ಇದೇನೋ ಬಂದಿದೆ, ಓದಿ ಹೇಳಿ ಸ್ವಾಮಿ."

ಸಾಹೇಬರು ಮುಂದೆ ಬಾಗಿದರು. "ಕಣ್ಣು ಮಿ... ಏನಿದು?" ಎನ್ನುತ್ತ ಪಿಳಿಪಿಳಿ ಕಣ್ಣು ಬಿಟ್ಟರು.

ಫೋನು ಟಿಣ್ ಎಂದಿತು.

ಅವಳು ಮರಣಪತ್ರ ಮಡಿಸಿ ಸೆರಗಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಸಾಹೇಬರ ಮೊಬೈಲು ಮೇಜಿನ ಮೇಲೆ ಗುರ್ರೆನ್ನತೊಡಗಿತು. ಗೊತ್ತಿಲ್ಲದ ನಂಬರು. ಅವರು ಕೈ ಚಾಚಿ, ಹಿಂದಕ್ಕೆಳೆದುಕೊಂಡರು. ಪಕ್ಕದವನ ನಗು ನಿಂತಿತು.

"ಎತ್ತಿ ಸ್ವಾಮಿ," ಎಂದಳು ಅವಳು. "ಇಲ್ಲವೇ ಇಲ್ದೋರು ತಾನೆ? ಯಾಕೆ ಹೆದರ್ತೀರಿ?"

ಅವರು ಎತ್ತಲಿಲ್ಲ. ಅದು ನಿಂತು, ಮತ್ತೆ ಗುರ್ರೆಂದಿತು.

ಅವಳ ಅಂಗೈಯಲ್ಲಿ 'ಸಾಲ ನವೀಕರಿಸಲಾಗಿದೆ' ಎಂದು ಬಂತು. ಅದರ ಮೇಲಿನ ವಿಡಿಯೊದಲ್ಲಿ ಗಂಡ ಮತ್ತೊಮ್ಮೆ ಕಣ್ಣು ಹೊಡೆದ. ಹಿಂದಿನಿಂದ ಅವಳು ನಕ್ಕಳು. ತಾರೀಖು ಇವತ್ತಿನದು.