ಜಮೀಲ್ ಅಂಕಲ್ ಅವರ ಸರ್ವರು ಕೊಟ್ಟ ಉತ್ತರ

ನಿಧಿ ಬರೆದ ಕೋಡು ಎಲ್ಲ ಕಡೆ ಪಾಸಾಗಿತ್ತು, ಒಂದೇ ಒಂದು ಕಂಪ್ಯೂಟರಿನಲ್ಲಿ ಬಿಟ್ಟು.

ನಾನಾ ದೇಶದ ಸ್ವಯಂಸೇವಕರು ಸೇರಿ ಕಟ್ಟುವ ಉಚಿತ ಡೇಟಾಬೇಸ್ ಅದು. ಅದಕ್ಕೆ ಗಾಮಾ ಎಂಬ ಗಣಿತದ ಫಂಕ್ಷನ್ ಸೇರಿಸುವ ಕೆಲಸವನ್ನು ಅಮೆರಿಕದ ರಾಲಿ ನಗರದಲ್ಲಿರುವ ನಿಧಿ ಹೊತ್ತುಕೊಂಡಿದ್ದಳು. ಕೋಡು ಬದಲಾದಾಗಲೆಲ್ಲ ಸ್ವಯಂಸೇವಕರ ಮನೆಗಳಲ್ಲಿರುವ ಬಗೆಬಗೆಯ ಕಂಪ್ಯೂಟರುಗಳು ತಾವಾಗಿಯೇ ಪರೀಕ್ಷೆ ನಡೆಸಿ ವರದಿ ಕಳಿಸುತ್ತಿದ್ದವು. ಈ ಸಲ ಫೇಲ್ ಎನ್ನುವ ಕೆಂಪು ವರದಿ ಬಂದದ್ದು, ಅವಳ ಊರಿನಿಂದ ಮೂರು ಗಂಟೆ ದಾರಿಯ ಫೋರ್ಟ್ ಮಿಲ್ಲಿನ ಜಮೀಲ್ ಎನ್ನುವವರ ಹಳೆಯ ಸರ್ವರಿನಿಂದ ಮಾತ್ರ.

ಅಷ್ಟು ಹಳೆಯ ಯಂತ್ರವನ್ನು ಕೈಬಿಡುವುದೇ ಒಳ್ಳೆಯದೆಂದು ಗುಂಪಿನಲ್ಲಿ ಹಲವರು ಬರೆದರು. ನಿಧಿಗೂ ಹಾಗೇ ಅನ್ನಿಸಿತು. ಜಮೀಲ್ ಮೂಲತಃ ಬೆಂಗಳೂರಿನವರೆಂದು ತಿಳಿದ ಮೇಲೆ, ಈಮೇಲ್ ಹಾಕುವ ಬದಲು ಎದುರಿಗೇ ಕೇಳಿಕೊಳ್ಳೋಣವೆಂದು ಶನಿವಾರ ಕಾರು ಹತ್ತಿದಳು.

ಬಾಗಿಲು ತೆರೆದ ಅವರ ಹೆಂಡತಿ ಖಾತೂನ್ ನಗುತ್ತಾ ಗ್ಯಾರೇಜಿನ ಕಡೆ ಕೈ ತೋರಿಸಿದರು. ಕಾರುಗಳು ಹೊರಗೆ ಬಿಸಿಲಿನಲ್ಲಿದ್ದವು. ಒಳಗೆ ಫ್ರಿಜ್ಜಿನಷ್ಟು ಎತ್ತರದ ಸರ್ವರಿಗೆ ಫ್ಯಾನಿನ ಗಾಳಿ. ಯಾವುದೋ ಆಫೀಸು ಗುಜರಿಗೆ ಹಾಕಿದ್ದನ್ನು ತಂದು, ಕೆಟ್ಟ ಭಾಗಗಳಿಗೆ ಬದಲಿ ಹುಡುಕಿ, ಜಮೀಲ್ ಅದನ್ನು ವರ್ಷಗಳಿಂದ ಬದುಕಿಸಿಟ್ಟಿದ್ದರು.

ನಿಧಿ ಬಂದ ವಿಷಯ ಹೇಳಿದಳು. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ಆಫ್ ಮಾಡೋಣ, ಅದಕ್ಕೇನು. ಮೊದಲು ಇದು ಏನು ಹೇಳ್ತಿದೆ ಅಂತ ಒಂದ್ಸಲ ಕೇಳೋಣ್ವಾ?" ಎಂದು ಸ್ಟೂಲು ಎಳೆದುಕೊಟ್ಟರು.

ಡೇಟಾಬೇಸನ್ನು ಪಕ್ಕಕ್ಕಿಟ್ಟು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಮೈನಸ್ ಒಂದರ ಗಾಮಾ ಎಷ್ಟು ಎಂಬುದೊಂದೇ ಪ್ರಶ್ನೆ. ಗಣಿತದಲ್ಲಿ ಅದಕ್ಕೆ ಉತ್ತರವಿಲ್ಲ. ನಿಧಿಯ ಲ್ಯಾಪ್‌ಟಾಪು ಕೂಡಲೇ ಎರರ್ ತೋರಿಸಿತು. ಹಳೆಯ ಸರ್ವರು ಮಾತ್ರ ಯಾವ ಎರರೂ ಇಲ್ಲದೆ, ಅನಂತ ಎಂದು ಹೇಳಿ ಸುಮ್ಮನಾಯಿತು. ನಿಧಿಯ ಕೋಡು ನಂಬಿದ್ದು ಆ ಎರರನ್ನೇ. ಅದು ಬಾರದಿದ್ದಾಗ ಅನಂತವನ್ನೇ ಸರಿಯುತ್ತರವೆಂದು ಕೊಟ್ಟುಬಿಡುತ್ತಿತ್ತು.

"ಹಾಗಾದ್ರೆ ತಪ್ಪು ಈ ಮೆಷಿನ್‌ದೇ ಅಲ್ವಾ ಅಂಕಲ್?"

"ಇಲ್ಲಮ್ಮ. ಮೆಷಿನ್‌ಗಳು ಹೇಗೆ ಉತ್ತರ ಕೊಡಬೇಕು ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಎರಡಕ್ಕೂ ಪರ್ಮಿಷನ್ ಇದೆ. ಬೇರೆ ಮೆಷಿನ್‌ಗಳು ಎರರ್ ಕೊಡ್ತಾ ಬಂದ್ವು, ನಾವು ಅದನ್ನೇ ರೂಲ್ ಅಂದ್ಕೊಂಡ್ವಿ."

ನಿಧಿಗೆ ಮುಖ ಬಿಸಿಯಾಯಿತು. ಆದರೆ ಆ ಮಾತಿನಲ್ಲಿ ಗೆದ್ದವರ ದನಿಯೇ ಇರಲಿಲ್ಲ. ಒಗಟು ಬಿಡಿಸಿದ ಖುಷಿಯಷ್ಟೇ ಇತ್ತು. ಅವಳು ಅಲ್ಲೇ ಕೂತು ಕೋಡು ತಿದ್ದಿದಳು: ಲೆಕ್ಕಕ್ಕೆ ಬಂದ ಸಂಖ್ಯೆಯನ್ನು ಮೊದಲೇ ಪರಿಶೀಲಿಸುವುದು, ಉತ್ತರ ಬಂದ ಮೇಲೆ ಇನ್ನೊಮ್ಮೆ ನೋಡುವುದು. ಸರ್ವರು ನಿಧಾನವಾಗಿ ಪರೀಕ್ಷೆ ಮುಗಿಸುವಷ್ಟರಲ್ಲಿ ಖಾತೂನ್ ತಂದ ಸಮೋಸ ಖಾಲಿಯಾಗಿತ್ತು. ವರದಿ ಹಸಿರಾಯಿತು.

ಆ ವರ್ಷದ ಚಳಿಗಾಲದಲ್ಲಿ ಹೊಚ್ಚ ಹೊಸ ಬಗೆಯ ಪ್ರೊಸೆಸರ್ ಇರುವ ಯಂತ್ರವೊಂದು ಪರೀಕ್ಷೆಗೆ ಸೇರಿತು. ಅದೂ ಎರರ್ ಕೊಡದೆ ಅನಂತ ಎನ್ನುವ ಜಾತಿಯದೇ. ನಿಧಿಯ ಕೋಡು ಅಲ್ಲಿ ಒಂದಿಷ್ಟೂ ತಡವರಿಸಲಿಲ್ಲ. ಹಳೆಯ ಸರ್ವರನ್ನು ಕೈಬಿಡುವ ಮಾತು ಆಮೇಲೆ ಗುಂಪಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಸುದ್ದಿ ಹೇಳಲು ಅವಳು ಜಮೀಲ್ ಅವರಿಗೆ ಫೋನ್ ಮಾಡಿದಳು. ಹೊಗಳಿಕೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಂಪ್ಯೂಟರುಗಳ ಲೆಕ್ಕದಲ್ಲಿ ಮಾತ್ರ ಬರುವ ಇನ್ನೊಂದು ತೊಡಕಿನ ಸಂಖ್ಯೆಯಾದ ಮೈನಸ್ ಸೊನ್ನೆಗೆ ಆ ಹೊಸ ಯಂತ್ರ ಏನು ಹೇಳುತ್ತದೆ ಎಂದು ಕೇಳತೊಡಗಿದರು.