ತ್ಲಾಪಿಗೆ ಓ ಎಂದವನು

"ಅಯ್ಯೋ, ಅದು ತಿನ್ನೋದಲ್ಲ ಕಣೋ!" ಎಂದು ಸೆಬೆಗೊ ಕೂಗುವಷ್ಟರಲ್ಲಿ ತಿರೊ ಮುದ್ದೆಯ ಮೂರನೆಯ ತುತ್ತನ್ನೂ ನುಂಗಿಯಾಗಿತ್ತು.

ತಪ್ಪು ಪೂರ್ತಿ ಅವನದೆಂದು ಹೇಳುವಂತಿಲ್ಲ. ಹಿನ್ನೀರಿನ ಮೇಲಿಂದ ಬೀಸುವ ಬೆಳಗಿನ ಗಾಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಎದುರಿಗೆ ಬಟ್ಟಲಲ್ಲಿ ಮೆಕ್ಕೆಜೋಳದ ಮುದ್ದೆ, ಹಳದಿಯಾಗಿ, ಗಟ್ಟಿಯಾಗಿ, ಚೆನ್ನಾಗಿ ನಾದಿಟ್ಟದ್ದು. ಸೋಂಪಿನ ವಾಸನೆ, ಕಸ್ಟರ್ಡ್ ಪುಡಿಯ ಸಿಹಿ. ಹೆಣ್ಣು ಕೇಳಲು ಬಂದ ಮನೆಯ ಅಡುಗೆಯೇ ಹೀಗಿರಬಹುದು, ಹೊಂದಿಕೊಂಡು ಹೋಗಬೇಕು ಎಂದು ಅವನು ಎರಡನೆಯ ತುತ್ತಿನ ಹೊತ್ತಿಗೆ ತೀರ್ಮಾನಿಸಿಬಿಟ್ಟಿದ್ದ.

"ಅದು ಗಾಳಕ್ಕೆ ಸಿಕ್ಕಿಸೋ ಎರೆ," ಎಂದ ಸೆಬೆಗೊ. "ಚಿಕ್ಕಂದಿನಿಂದ ಗೆಂಡೆ ಮೀನು ಹಿಡಿದೋನು ಅಂದೆಯಲ್ಲ. ಎರೆ ತಿಂದ್ಕೊಂಡು ಬೆಳೆದೆಯಾ?"

"ರುಚಿ ನೋಡ್ದೆ ಅಷ್ಟೆ. ನಮ್ಮ ಕಡೆ ಮೀನಿಗೆ ಹಾಕೋ ಮುಂಚೆ ನಾವೇ ಒಂದು ಸಲ ನೋಡ್ತೀವಿ."

"ಓಹೋ. ಹೇಗಿದೆ?"

"ಚೆನ್ನಾಗಿದೆ. ಉಪ್ಪು ಒಂಚೂರು ಕಡಿಮೆ, ಮಾವ."

"ಯಾರಿಗೋ ಮಾವ? ಮೊದಲು ಮೀನು ಬರಲಿ."

ತಿರೊ ಬ್ಲೂಮ್‌ಹೋಫ್ ಊರಿನಿಂದ ಪಕ್ಕದ ಕ್ರಿಸ್ಟಿಯಾನಾಕ್ಕೆ ಬಾಡಿಗೆ ವ್ಯಾನು ಓಡಿಸುವವನು. ವ್ಯಾನಿನ ಎಂಜಿನ್ನಾದರೂ ಇಳಿಜಾರಿನಲ್ಲಿ ಸುಮ್ಮನಾಗುತ್ತಿತ್ತು, ಇವನ ಬಾಯಿ ಇಲ್ಲ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಪೆಲೊನೊಮಿ ದಿನವೂ ಮುಂದಿನ ಸೀಟಿನಲ್ಲಿ ಕೂತು ಅವನ ಮಾತು ಕೇಳುತ್ತಿದ್ದಳು. ನಗು ಬಂದರೆ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಹಾಗೆ ತಿರುಗಿ ನಗುವವಳಿಗಾಗಿ ಅವನು ವ್ಯಾನನ್ನೇ ಮಾರಲು ಸಿದ್ಧನಿದ್ದ. ಆದರೆ ಅವಳಿಗೆ ತಂದೆಯಿಲ್ಲ. ಅವಳ ಮದುವೆಯ ಮಾತು ಸೋದರಮಾವ ಸೆಬೆಗೊನ ಬಾಯಲ್ಲಿತ್ತು. ಆ ಬಾಯಿಯಿಂದ ಇಬ್ಬರು ಆಗಲೇ ಬೇಡವೆನಿಸಿಕೊಂಡು ಹೋಗಿದ್ದರು. ಒಬ್ಬ ಮೀನಿಗಾಗಿ ಕಾಯುತ್ತ ಗೊರಕೆ ಹೊಡೆದ. ಇನ್ನೊಬ್ಬ ಫೋನಿನಲ್ಲಿ ಹಾಡು ಹಾಕಿಕೊಂಡು ಕೂತಿದ್ದ. ಸೆಬೆಗೊನ ನಿಯಮ ಸರಳವಾಗಿತ್ತು: ಹೆಣ್ಣು ಕೇಳುವವನು ಒಂದು ಶನಿವಾರ ತನ್ನ ಪಕ್ಕದಲ್ಲಿ ಕೂರಬೇಕು, ತನ್ನ ಕೈಯಾರೆ ಒಂದು ಗೆಂಡೆ ಹಿಡಿಯಬೇಕು, ಅದನ್ನು ಅಲ್ಲೇ ಕರಿದು ಎಲ್ಲರೂ ತಿನ್ನಬೇಕು. ತಿಂದು ಕೈ ತೊಳೆದ ಮೇಲೆ ಹೂಂ ಅಥವಾ ಉಹೂಂ.

ಇಷ್ಟೇ ಆಗಿದ್ದರೆ ತಿರೊ ಹೇಗಾದರೂ ಪಾರಾಗುತ್ತಿದ್ದ. ತೊಂದರೆ ಅವನ ಬೆಡಗಿನಲ್ಲಿತ್ತು, ಅಂದರೆ ಕುಲದಲ್ಲಿ.

ನಮ್ಮಲ್ಲಿ ಬೆಡಗು ಕೇಳುವಾಗ "ನೀನು ಏನನ್ನ ಕುಣೀತೀಯ?" ಎಂದು ಕೇಳುತ್ತಾರೆ. ಒಬ್ಬೊಬ್ಬರ ಕುಲಕ್ಕೂ ಒಂದು ಪ್ರಾಣಿ. ಅದನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ. ಗೌರವದಿಂದ ಕರೆಯಬೇಕೆಂದರೆ ಹುಟ್ಟುಹೆಸರು ಬಿಟ್ಟು ಆ ಪ್ರಾಣಿಯ ಹೆಸರಿನಿಂದಲೇ ಕರೆಯುವುದು. ಸೆಬೆಗೊನದು ಕೋತಿಯ ಬೆಡಗು. ಊರಿನವರೆಲ್ಲ ಅವನನ್ನು ಚ್ವೇನೆ ಎಂದು ಕರೆದು ಕೈಮುಗಿಯುತ್ತಿದ್ದರು, ಅವನೂ ದೊಡ್ಡ ಮನಸ್ಸಿನಿಂದ ತಲೆಯಾಡಿಸುತ್ತಿದ್ದ. ತಿರೊನದು ತ್ಲಾಪಿ. ತ್ಲಾಪಿ ಎಂದರೆ ಮೀನು. ತೊಟ್ಟಿಲಲ್ಲಿದ್ದಾಗಿನಿಂದ ಅಜ್ಜಿ, ಅಮ್ಮ, ನೆರೆಹೊರೆಯವರೆಲ್ಲ ಅವನನ್ನು "ತ್ಲಾಪಿ, ಬಾರಪ್ಪ", "ತ್ಲಾಪಿ, ಊಟ ಆಯ್ತಾ" ಎಂದೇ ಕರೆದದ್ದು.

"ಅದನ್ನ ಮಾತ್ರ ಹೇಳ್ಬೇಡ," ಎಂದಿದ್ದಳು ಪೆಲೊನೊಮಿ. "ನಮ್ಮ ಚಿಕ್ಕಮ್ಮ ನಿಮ್ಮ ಬೆಡಗಿನೋರನ್ನೇ ಮದುವೆ ಆಗಿದ್ದು. ಆ ಚಿಕ್ಕಪ್ಪ ಬಂದ ದಿನ ಮನೇಲಿ ಮೀನು ಕರಿಯೋ ಹಾಗಿಲ್ಲ. ನಮ್ಮ ಮಾವ ಇನ್ನೊಬ್ಬ ಅಂಥವನನ್ನ ಹೊಸ್ತಿಲು ದಾಟಿಸಲ್ಲ ಅಂತ ಆಣೆ ಮಾಡಿದಾನೆ. ಹಸು ಅಂದುಬಿಡು. ಹಸುವಿನ ಮೇಲೆ ಯಾರಿಗೂ ಕೋಪ ಇಲ್ಲ."

"ಮತ್ತೆ ಮೀನು ತಿನ್ನೋದು?"

"ನಿನ್ನ ತಟ್ಟೆಗೆ ಕೋಳಿ ಹಾಕ್ತೀನಿ. ಮಾವನಿಗೆ ಹತ್ತಿರದ್ದು ಸರಿಯಾಗಿ ಕಾಣಲ್ಲ."

ಇಬ್ಬರೂ ಎಲ್ಲವನ್ನೂ ಯೋಚಿಸಿದ್ದರು. ತಟ್ಟೆಗೆ ಮುಂಚೆ ಏನಾಗುತ್ತದೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಮುದ್ದೆಯ ವಿಚಾರ ಮುಗಿದ ಮೇಲೆ ಸೆಬೆಗೊ ಒಂದು ಗಾಳದ ಕೋಲನ್ನು ಅವನ ಕೈಗೆ ಕೊಟ್ಟ. ಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ ಮುಳ್ಳಿಗೆ ಒತ್ತುವುದು, ಬೆಲ್ಲದ ನೀರಿನಲ್ಲಿ ಅದ್ದುವುದು, ಕೋಲನ್ನು ಬೆನ್ನ ಹಿಂದೆ ಒಯ್ದು ಒಮ್ಮೆಲೇ ಮುಂದಕ್ಕೆ ಬೀಸುವುದು. ನೋಡಲು ಸುಲಭವಾಗಿತ್ತು. ತಿರೊ ಮೊದಲ ಸಲ ಬೀಸಿದಾಗ ಗಾಳ ಸೆಬೆಗೊನ ಟೋಪಿಯನ್ನು ಎತ್ತಿಕೊಂಡು ಹೋಗಿ ನೀರಿಗೆ ಹಾಕಿತು. ಎರಡನೆಯ ಸಲ ಅವನ ಸ್ವಂತ ಪ್ಯಾಂಟಿನ ಹಿಂಭಾಗಕ್ಕೇ ಕಚ್ಚಿಕೊಂಡಿತು.

"ನಿಮ್ಮ ಕಡೆ ಹೀಗೇ ಹಾಕೋದಾ?" ಎಂದ ಸೆಬೆಗೊ, ತೊಯ್ದ ಟೋಪಿ ಹಿಂಡುತ್ತ.

"ಗಾಳಿ ಜೋರಿದೆ ಯಜಮಾನ್ರೇ."

"ಗಾಳಿ ಹಿಂದಕ್ಕೆ ಬೀಸ್ತಾ ಇಲ್ಲ. ಸರಿ, ಕೊಡು ಇಲ್ಲಿ. ನೀನು ಏನನ್ನ ಕುಣೀತೀಯ ಅಂದೆ?"

ತಿರೊ ಕೆಮ್ಮಿದ. "ಹಸು. ಹಸುವಿನ ಬೆಡಗು."

"ಒಳ್ಳೇದು, ಖೋಮೊ," ಎಂದ ಸೆಬೆಗೊ, ನಮ್ಮ ಮಾತಿನಲ್ಲಿ ಹಸು ಎಂದು ಮರ್ಯಾದೆಯಿಂದ ಕರೆದು. ಅಲ್ಲಿಂದ ಶುರುವಾಯಿತು ಪಜೀತಿ.

ಸ್ವಲ್ಪ ದೂರದಲ್ಲಿ ದಿಖಾಂಗ್ ಎಂಬ ಮುದುಕ ಕೂತಿದ್ದ. ದಿಖಾಂಗ್ ಎಂದರೆ ಸುದ್ದಿ, ಹೆಸರಿಗೆ ತಕ್ಕ ಮನುಷ್ಯ. ನೀರಿನಲ್ಲಿ ಎಲ್ಲಿ ಮೀನು ನೆಗೆದರೂ ದಡದವರಿಗೆಲ್ಲ ತಿಳಿಸುವುದು ತನ್ನ ಜವಾಬ್ದಾರಿ ಎಂದು ಅವನು ತಿಳಿದಿದ್ದ.

"ತ್ಲಾಪಿ!" ಎಂದು ಕೂಗಿದ ದಿಖಾಂಗ್.

"ಓ!" ಎಂದ ತಿರೊ, ಎದ್ದು ನಿಂತು.

ಎಲ್ಲರೂ ಅವನ ಕಡೆ ನೋಡಿದರು. ತಿರೊ ನಿಂತಲ್ಲೇ ಎರಡೂ ಕೈ ಮೇಲೆತ್ತಿ ಮೈ ಮುರಿದ. "ಓ... ಕಾಲು ಜೋಮು ಹಿಡೀತು," ಎಂದು ಕೂತ.

"ಖೋಮೊ, ಆ ಮುದ್ದೆ ಬಟ್ಟಲು ಕೊಡು," ಎಂದ ಸೆಬೆಗೊ. ತಿರೊ ನೀರನ್ನೇ ನೋಡುತ್ತಿದ್ದ. "ಖೋಮೊ! ಏ, ಖೋಮೊ!" ಕೊನೆಗೆ ಸೆಬೆಗೊ ಮೊಣಕೈಯಿಂದ ತಿವಿದ.

"ನನ್ನನ್ನಾ? ಕಿವಿ ಸ್ವಲ್ಪ ಮಂದ. ಎಂಜಿನ್ನಿನ ಸದ್ದು ನೋಡಿ, ಇಷ್ಟು ವರ್ಷದಿಂದ..."

"ತ್ಲಾಪಿ! ಅಗೋ, ಆ ಜೊಂಡಿನ ಹತ್ರ!" ಎಂದು ದಿಖಾಂಗ್ ಮತ್ತೆ ಕೂಗಿದ.

"ಓ, ಬಂದೆ!" ಎಂದ ತಿರೊ. ನಾಲಿಗೆ ಕಚ್ಚಿಕೊಂಡ. ನಾಲಿಗೆ ಕಚ್ಚಿಕೊಂಡರೇನು, ಹುಟ್ಟಿದಾಗಿನಿಂದ ಓಗೊಟ್ಟ ಬಾಯಿ ಒಂದು ಬೆಳಗಿನಲ್ಲಿ ಮರೆಯುತ್ತದೆಯೇ? ಬಿಸಿಲೇರುವ ಹೊತ್ತಿಗೆ ದಿಖಾಂಗ್ ಕೂಗಿದಷ್ಟು ಸಲವೂ ಅವನು ಓ ಎಂದಿದ್ದ, ಸೆಬೆಗೊ ಖೋಮೊ ಎಂದಷ್ಟು ಸಲವೂ ಕಿವುಡನಾಗಿದ್ದ. ಸೆಬೆಗೊ ತೊಯ್ದ ಟೋಪಿಯನ್ನು ಮೊಣಕಾಲಿನ ಮೇಲೆ ಒಣಗಲು ಇಟ್ಟುಕೊಂಡು ನೀರನ್ನು ನೋಡುತ್ತಿದ್ದ.

ಪೆಲೊನೊಮಿ ಬಂದಳು, ತಲೆಯ ಮೇಲೆ ಬಾಣಲೆ, ಕೈಯಲ್ಲಿ ಎಣ್ಣೆ ಮತ್ತು ಉಪ್ಪು, ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟುಕೊಂಡ ಕೋಳಿಯ ಕಾಲು. ಕಲ್ಲು ಹೂಡಿ ಒಲೆ ಹಚ್ಚಿದಳು. ಹಚ್ಚುತ್ತ ತಿರೊನ ಕಡೆ ಹುಬ್ಬು ಹಾರಿಸಿ ಹೇಗೆ ಎಂದು ಕೇಳಿದಳು. ಅವನು ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ. ನಿಜ ಹೇಳಬೇಕೆಂದರೆ ಅವನ ಮನಸ್ಸು ಎರಡು ದೋಣಿಯಲ್ಲಿ ಕಾಲಿಟ್ಟಿತ್ತು. ಅವಳನ್ನು ನೋಡಿದಾಗ ಮೀನು ಬರಲಿ ಎನಿಸುತ್ತಿತ್ತು, ನೀರನ್ನು ನೋಡಿದಾಗ ಬರದಿರಲಿ ಎನಿಸುತ್ತಿತ್ತು.

ಸೆಬೆಗೊ ಬೀಸಿ ಕೊಟ್ಟಿದ್ದ ತಿರೊನ ಕೋಲಿಗೆ, ಮೀನು ಕಚ್ಚಿದರೆ ತಿಳಿಯಲೆಂದು ಕಟ್ಟಿದ್ದ ಗಂಟೆ ಒಮ್ಮೆ ಕಿಣಿ ಎಂದಿತು. ಆಮೇಲೆ ಸಂತೆಯ ಐಸ್‌ಕ್ರೀಮಿನವನ ಗಂಟೆಯಂತೆ ಒಂದೇ ಸಮನೆ ಬಡಿದುಕೊಂಡಿತು.

"ಹಿಡಿ! ಹಿಡಿಯೋ!" ಎಂದ ಸೆಬೆಗೊ. "ಗಂಟೆಯಲ್ಲ, ಕೋಲು ಹಿಡಿ!"

ತಿರೊ ಕೋಲು ಹಿಡಿದ. ಕೋಲು ಬಿಲ್ಲಿನಂತೆ ಬಾಗಿ ಅವನನ್ನೇ ನೀರಿನ ಕಡೆ ಎಳೆಯಿತು.

"ದಾರ ಬಿಡು! ಅದು ಓಡುವಾಗ ಬಿಡ್ಬೇಕು, ನಿಂತಾಗ ಸುತ್ಬೇಕು!"

"ನಿಂತಿದೆಯೋ ಓಡ್ತಿದೆಯೋ ಹೇಗೆ ಗೊತ್ತಾಗೋದು?"

"ನೀನು ಓಡ್ತಾ ಇದೀಯಲ್ಲ, ಹಾಗಾದ್ರೆ ಅದೂ ಓಡ್ತಾ ಇದೆ!"

"ತ್ಲಾಪಿ! ದೊಡ್ಡ ತ್ಲಾಪಿ!" ಎಂದು ದಿಖಾಂಗ್ ಕುಣಿದಾಡಿದ.

"ಓ! ಇಲ್ಲೇ ಇದೀನಿ!" ಎಂದು ತಿರೊ ಹಿಂದಕ್ಕೆ ತಿರುಗಿದ. ತಿರುಗಿದ ರಭಸಕ್ಕೆ ಜಾರಿ ಕೆಸರಿನಲ್ಲಿ ಕೂತುಬಿಟ್ಟ. ಕೂತದ್ದೇ ಒಳ್ಳೆಯದಾಯಿತು. ಎದ್ದು ನಿಂತು ಸೋಲುತ್ತಿದ್ದವನು ಕೂತು ಗೆಲ್ಲತೊಡಗಿದ. ಬಿಡುವುದು, ಸುತ್ತುವುದು, ಬಿಡುವುದು, ಸುತ್ತುವುದು. ಬಿಟ್ಟು ಹಿಡಿಯುವುದರಲ್ಲಿ ಇಂಥದೊಂದು ಸುಖವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಮಾತು ಮರೆತು ನಗುತ್ತಿದ್ದ. ಸೆಬೆಗೊ ಸೊಂಟದವರೆಗೆ ನೀರಿಗಿಳಿದು ಕೈಬಲೆಯಲ್ಲಿ ಮೀನನ್ನು ಎತ್ತಿ ತಂದು ಹುಲ್ಲಿನ ಮೇಲೆ ಹಾಕಿದ.

ಅದು ಆ ವರ್ಷ ಆ ದಡದಲ್ಲಿ ಯಾರೂ ಕಾಣದಷ್ಟು ದೊಡ್ಡ ಗೆಂಡೆ. ಹಿತ್ತಾಳೆಯ ಬಣ್ಣದ ಹೊಟ್ಟೆ, ಬಾಯಿಯ ಎರಡೂ ಪಕ್ಕ ಮೀಸೆ. ದಿಖಾಂಗ್ ಓಡಿ ಬಂದು ನೋಡಿ, ಜೀವನದಲ್ಲಿ ಮೊದಲ ಬಾರಿಗೆ ಸುಮ್ಮನಾದ. ಪೆಲೊನೊಮಿ ಬಾಣಲೆಗೆ ಎಣ್ಣೆ ಸುರಿದಳು.

ಸೆಬೆಗೊ ಒಂದು ಗಿಡ್ಡ ದೊಣ್ಣೆಯನ್ನು ತಿರೊನ ಕೈಗಿತ್ತ. "ತಲೆ ಮೇಲೆ ಒಂದೇ ಏಟು. ಹಿಡಿದೋನೇ ಹೊಡೀಬೇಕು."

ತಿರೊ ಮೊಣಕಾಲೂರಿದ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅವನ ಬಾಯೂ ತೆರೆದು ಮುಚ್ಚುತ್ತಿತ್ತು. ಅಜ್ಜಿ ಸಂತೆಯಲ್ಲಿ ಮೀನಿನ ಬುಟ್ಟಿ ಎದುರಾದರೆ ಶಾಲು ಸರಿಮಾಡಿಕೊಂಡು ದಾರಿ ಬಿಟ್ಟು ನಿಲ್ಲುತ್ತಿದ್ದುದು ಅವನಿಗೆ ನೆನಪಾಯಿತು. ಪೆಲೊನೊಮಿಯ ಕಡೆ ನೋಡಿದ. ಅವಳು ಈಗ ಹುಬ್ಬು ಹಾರಿಸುತ್ತಿರಲಿಲ್ಲ; ಎಣ್ಣೆಯ ಸೀಸೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಇವಳನ್ನು ಕಳೆದುಕೊಳ್ಳುತ್ತೇನೆ ಎಂದು ಅವನಿಗೆ ಅಳು ಬಂತು.

ದೊಣ್ಣೆ ಕೆಳಗಿಟ್ಟ. "ನಾನು ಹಸು ಅಲ್ಲ," ಎಂದ.

ದಿಖಾಂಗ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅದು ಕಾಣ್ತಾನೇ ಇದೆ," ಎಂದ.

"ಸುಳ್ಳು ಹೇಳ್ದೆ ಯಜಮಾನ್ರೇ. ನಾನು ಕುಣಿಯೋದು ಇದನ್ನೇ. ಗಾಳಾನೂ ಇವತ್ತೇ ಮೊದಲು ಹಿಡಿದಿದ್ದು."

ತಿರೊ ಮುಳ್ಳನ್ನು ಮೆಲ್ಲಗೆ ಬಿಡಿಸಿದ. ಮೀನನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನೀರಿಗಿಳಿದ. "ತಪ್ಪಾಯ್ತು, ತ್ಲಾಪಿ," ಎಂದು ಅದರ ಕಿವಿಯಿರಬಹುದಾದ ಜಾಗದಲ್ಲಿ ಹೇಳಿ ಬಿಟ್ಟ. ಅದು ಅವನ ಮುಖಕ್ಕೆ ಬಾಲದಿಂದ ನೀರೆರಚಿ ಹೋಯಿತು.

ತಿರುಗಿ ಬಂದವನು ತನ್ನ ಶೂ ಹುಡುಕತೊಡಗಿದ.

"ಎಲ್ಲಿಗೆ?" ಎಂದ ಸೆಬೆಗೊ.

"ವ್ಯಾನಿಗೆ."

"ಬೆಳಗ್ಗಿಂದ ದಿಖಾಂಗ್ ಕೂಗಿದಾಗೆಲ್ಲ ನೀನು ಓ ಅಂತಿದೀಯ. ನನಗೇನು ಕಿವಿ ಇಲ್ವಾ? ಕಣ್ಣು ಮಂದ ಅಷ್ಟೆ." ಸೆಬೆಗೊ ಟೋಪಿ ಕೊಡವಿ ತಲೆಗಿಟ್ಟುಕೊಂಡ. "ಹೆಣ್ಣಿನ ಆಸೆಗೆ ಒಡಹುಟ್ಟಿದೋನ ತಲೆ ಮೇಲೆ ಹೊಡೀತಾನೇನೋ ನೋಡೋಣ ಅಂತ ಕೂತಿದ್ದೆ."

"ಹೊಡೆದಿದ್ರೆ?" ಎಂದಳು ಪೆಲೊನೊಮಿ.

"ನಾಳೆ ನಿನ್ನ ತಲೆ ಮೇಲೂ ಹೊಡೀತಿದ್ದ." ಸೆಬೆಗೊ ಕೂತಲ್ಲಿಂದಲೇ ಮೂಗರಳಿಸಿ ಅವಳ ಬಟ್ಟೆಯ ಗಂಟಿನ ಕಡೆ ಮುಖ ಮಾಡಿದ. "ಆ ಕೋಳಿ ಕಾಲನ್ನ ದಿಖಾಂಗ್‌ಗೆ ಕೊಡು. ಅವನು ಒಂದು ಗಳಿಗೆಯಾದ್ರೂ ಸುಮ್ಮನಿದ್ದಿದ್ದಕ್ಕೆ."

ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಕರಿಯಲು ಏನೂ ಇರಲಿಲ್ಲ. ಪೆಲೊನೊಮಿ ಅತ್ತಿತ್ತ ನೋಡಿ, ಮೀನಿಗೆಂದು ನಾದಿಟ್ಟಿದ್ದ ಮುದ್ದೆಯನ್ನು ಎತ್ತಿಕೊಂಡು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಎಣ್ಣೆಗೆ ಬಿಟ್ಟಳು. ಸೋಂಪಿನ ಘಮ ದಡದುದ್ದಕ್ಕೂ ಹರಡಿತು. ನಾಲ್ವರೂ ಬಾಣಲೆಯ ಸುತ್ತ ಕೂತರು. ಸೆಬೆಗೊ ಒಂದು ಬಿಲ್ಲೆ ಬಾಯಿಗಿಟ್ಟು ಬಹಳ ಹೊತ್ತು ಅಗಿದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

"ತ್ಲಾಪಿ," ಎಂದು ಯಾರೋ ಮೆಲ್ಲಗೆ ಕರೆದರು.

ತಿರೊ ಈ ಸಲ ಎಚ್ಚರವಾಗಿದ್ದ. ಬಾಯಿ ಬಿಗಿಹಿಡಿದು, ಎಲ್ಲಿ ನೆಗೆಯಿತೆಂದು ನೀರಿನ ಕಡೆ ನೋಡಿದ. ನೀರು ಎಲ್ಲಿಯೂ ಅಲುಗಿರಲಿಲ್ಲ. ದಿಖಾಂಗ್‌ನ ಬಾಯಿ ತುಂಬ ಕೋಳಿ ಇತ್ತು. ಹಿಂದಿರುಗಿ ನೋಡಿದರೆ ಸೆಬೆಗೊ ಉಪ್ಪಿಗಾಗಿ ಅವನ ಮುಂದೆ ಕೈ ಚಾಚಿಕೊಂಡು ಕೂತಿದ್ದ.